ನಲವತ್ತು ನಿಮಿಷ ಸಾಲದು

ಮಗಳ ಊರಿಗೆ ಹೋಗಲು ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕಿತ್ತು. ನಡುವೆ ಬರೋಬ್ಬರಿ ನಲವತ್ತು ನಿಮಿಷ ಸಿಗುತ್ತಿತ್ತು. ಆದರೂ ನಿವೃತ್ತ ಗುಮಾಸ್ತರು ವೇಳಾಪಟ್ಟಿಯಿಂದ ತಲೆ ಎತ್ತದೆ, "ರಾತ್ರಿ ಅಲ್ಲೇ ಉಳಿಯೋಣ, ಬೆಳಗಿನ ಗಾಡಿಗೆ ಹೋದರಾಯ್ತು" ಎಂದರು.

ಸೀರೆ ಮಡಚುತ್ತಿದ್ದ ಹೆಂಡತಿಗೆ ರೇಗಿಹೋಯಿತು. ಒಂದು ರಾತ್ರಿಗೋಸ್ಕರ ಗಂಟುಮೂಟೆ ಬಿಚ್ಚಿ ಮತ್ತೆ ಕಟ್ಟುವ ರಗಳೆ ಯಾರಿಗೆ ಬೇಕು?

"ಪ್ಲಾಟ್‌ಫಾರಂ ದಾಟೋಕೆ ಐದು ನಿಮಿಷ ಸಾಕಲ್ರೀ! ಗಾಡಿ ತಡ ಆಗುತ್ತೆ ಅಂತ ಈಗ್ಲೇ ಅಪಶಕುನ ಯಾಕೆ? ಮೂವತ್ತು ವರ್ಷ ಸ್ಟೇಷನ್ನಿನ ವಿಚಾರಣೆ ಕಿಟಕೀಲಿ ಕೂತು, ಕೇಳಿದೋರಿಗೆಲ್ಲ 'ಇನ್ನೇನು ಬಂದೇಬಿಡ್ತು' ಅಂತಿದ್ದೋರು ನೀವೇ ತಾನೆ?"

ಅವರು ಕನ್ನಡಕ ತೆಗೆದು ಮೆಲ್ಲಗೆ ಒರೆಸಿಕೊಂಡರು.

"ಹೂಂ ಕಣೇ, ನಾನೇ. ಅದಕ್ಕೇ ಹೇಳ್ತಿರೋದು, ರೂಮು ಹಿಡಿಯೋಣ."