ಏಳನೇ ಮಹಡಿಯ ಕೆಲಸ

ಆಫೀಸಿನಲ್ಲಿ ಅವನನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಪಾಠ ಹೇಳಿದವನೇನಲ್ಲ, ಊಟದ ಹೊತ್ತಿನಲ್ಲೂ ಕೈಯಿಂದ ಪುಸ್ತಕ ಬಿಡದವನು, ಅಷ್ಟೇ. ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕೊಂದರ ಎರಡನೇ ಮಹಡಿಯಲ್ಲಿ ಅವನ ಕೆಲಸ. ಏಳನೇ ಮಹಡಿಯ ಟ್ರೇಡರ್‌ಗಳು ಷೇರು, ಬಾಂಡು ಕೊಂಡದ್ದು, ಮಾರಿದ್ದು ಅವನ ಪರದೆಗೆ ಬರುತ್ತಿತ್ತು. ಕೊಂಡವರ, ಮಾರಿದವರ ಎರಡೂ ಕಡೆಯ ವಿವರ ತಾಳೆಯಾಗುತ್ತದೆಯೇ ಎಂದು ನೋಡಿ ಮುಂದಕ್ಕೆ ಕಳಿಸಬೇಕು. ಆರು ವರ್ಷ ಬೇರೆಯವರ ವ್ಯಾಪಾರಕ್ಕೆ ಟಿಕ್ ಹಾಕಿ ಹಾಕಿ, ತಾನೂ ಮೇಲೆ ಹೋಗಿ ಕೂರಬೇಕೆಂಬ ಹುಚ್ಚು ಹಿಡಿಯಿತು.

ಅದಕ್ಕೆ ದಾರಿ ಪರೀಕ್ಷೆ ಎಂದುಕೊಂಡ. ಹಣಕಾಸು ವಿಶ್ಲೇಷಕರ ಪರೀಕ್ಷೆ, ಮೂರು ಹಂತ. ಎರಡನೆಯದರಲ್ಲಿ ಎರಡು ಸಲ ಮುಗ್ಗರಿಸಿದ. ಒಟ್ಟು ಐದು ವರ್ಷ ಹಿಡಿಯಿತು. ಅಷ್ಟೂ ದಿನ ಮನೆಯಲ್ಲಿ ಟೀವಿಯ ಸದ್ದು ಜೋರಾಗಲಿಲ್ಲ. ಮಗಳು ಮಾತು ಕಲಿತದ್ದೇ ಪಿಸುದನಿಯಲ್ಲಿ. ನರ್ಸ್ ಆಗಿದ್ದ ಹೆಂಡತಿಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಹುದ್ದೆ ಬಂದಿತ್ತು. "ನಿಮ್ಮ ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ," ಎಂದು ಅವಳೇ ಬೇಡವೆಂದು ಬರೆದುಕೊಟ್ಟಳು. ಬೇಡ ಅನ್ನಬೇಡ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ.

ಮೂರನೇ ಹಂತ ಪಾಸಾದ ತಿಂಗಳಲ್ಲೇ ಏಳನೇ ಮಹಡಿಯಲ್ಲಿ ಒಂದು ಜಾಗ ಖಾಲಿಯಾಯಿತು. ಅರ್ಜಿ ಹಾಕಿದ. ಕರೆಯೂ ಬಂತು.

ಸಂದರ್ಶನ ಮಾಡಿದವರು ಅಲ್ಲಿನ ಮುಖ್ಯಸ್ಥೆ. ಅರ್ಜಿ ಓದಿ, "ತುಂಬಾ ಕಷ್ಟಪಟ್ಟಿದ್ದೀರಿ," ಎಂದರು. ಆಮೇಲೆ ಒಂದು ಬಾಂಡಿನ ವಿವರ ಹೇಳಿ, "ಇದನ್ನ ಮಾರೋಕೆ ಬಂದಿದ್ದೀನಿ. ಎಷ್ಟಕ್ಕೆ ತಗೋತೀರಿ?" ಎಂದು ಕೇಳಿದರು.

ಅವನು ಪೆನ್ನು ತೆಗೆದು ಲೆಕ್ಕಕ್ಕೆ ಇಳಿದ. ಮುಗಿಸಿ ತಲೆಯೆತ್ತಿದಾಗ ಅವರು ಹಾಳೆಯನ್ನು ಎಳೆದುಕೊಂಡು ನೋಡಿದರು.

"ಲೆಕ್ಕ ಸರಿಯಾಗಿದೆ. ಆದ್ರೆ ಅಷ್ಟು ಹೊತ್ತಿಗೆ ನಾನು ಬೇರೆಯವರಿಗೆ ಮಾರಿಬಿಟ್ಟಿರ್ತೀನಿ."

"ಹಾಗಾದ್ರೆ ಈ ಸರ್ಟಿಫಿಕೇಟ್‌ಗೆ ಬೆಲೆ ಇಲ್ವಾ ಮೇಡಂ?"

"ಯಾಕಿಲ್ಲ? ಕಂಪನಿಗಳನ್ನ ಅಧ್ಯಯನ ಮಾಡೋ ರಿಸರ್ಚ್ ವಿಭಾಗಕ್ಕೆ ಹೋಗಿ, ಕರೆದು ಕೂರಿಸ್ತಾರೆ. ಇಲ್ಲಿ ನಾವು ಕಾಲೇಜು ಮುಗಿಸಿದ ಕೂಡ್ಲೇ ಬಂದವರನ್ನ ತಗೊಂಡು, ಪಕ್ಕದಲ್ಲಿ ಕೂರಿಸಿಕೊಂಡು ತಯಾರು ಮಾಡ್ತೀವಿ. ನಾನೇ ಈ ಪರೀಕ್ಷೆ ಬರೆದಿಲ್ಲ." ಹಾಳೆಯನ್ನು ಅವನ ಕಡೆಗೆ ತಳ್ಳಿ ಕೇಳಿದರು: "ಟ್ರೇಡರ್ ಆಗೋಕೆ ಇದನ್ನ ಓದಿ ಅಂತ ನಿಮಗೆ ಹೇಳಿದ್ಯಾರು?"

ಅವನು ನೆನಪಿಸಿಕೊಳ್ಳಲು ನೋಡಿದ. ಯಾರ ಮುಖವೂ ನೆನಪಾಗಲಿಲ್ಲ. ಯಾರೂ ಹೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ. ಮೇಲಿನವರೊಬ್ಬರನ್ನು ಲಿಫ್ಟಿನ ಬಳಿ ತಡೆದು ವಿಚಾರಿಸಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಅಷ್ಟು ಕೇಳಲು ಸಂಕೋಚಪಟ್ಟುಕೊಂಡು ಐದು ವರ್ಷ ಓದಿದ್ದ.

ಸಂಜೆ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವನು ಒಂದನ್ನೂ ಮುಚ್ಚಿಡದೆ ಹೇಳಿದ. ಅವಳ ಕೈ ನಿಲ್ಲಲಿಲ್ಲ.

"ಯಾರನ್ನಾದ್ರೂ ವಿಚಾರಿಸಿದ್ದೀರಾ ಅಂತ ನಾನಾದ್ರೂ ಕೇಳಬೇಕಿತ್ತು. ಓದೋರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

"ಆ ಹೆಡ್ ನರ್ಸ್ ಕೆಲಸ, ಇನ್ನೊಂದ್ಸಲ ಕೇಳಿ ನೋಡಿದ್ರೆ..."

"ಅದಕ್ಕೆ ಬೇರೆಯವರು ಬಂದು ಮೂರು ವರ್ಷ ಆಯ್ತು." ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ಮುಂದಿನ ವಾರ, ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ್ದ ಪಕ್ಕದ ಮೇಜಿನ ಹುಡುಗಿ ಕುರ್ಚಿ ಎಳೆದುಕೊಂಡು ಬಂದಳು.

"ಮೇಷ್ಟ್ರೇ, ನಾನೂ ಪರೀಕ್ಷೆಗೆ ಹೆಸರು ಕೊಟ್ಟೆ. ಏಳನೇ ಮಹಡಿ ಮೇಲೇ ನನ್ನ ಕಣ್ಣು. ನಿಮ್ಮ ಪುಸ್ತಕ ಕೊಡ್ತೀರಾ?"

ಅವನು ದನಿ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖ ಸಪ್ಪಗಾಯಿತು.

"ನಿಮಗೆ ಸಿಗಲಿಲ್ಲ ಅಂತ ನನಗೂ ಸಿಗಲ್ವಾ?"

"ಹಾಗಲ್ಲಮ್ಮ. ಮೇಲೆ ಹೋಗಿ ಅವರನ್ನೇ ಒಂದು ಮಾತು ಕೇಳು. ಬೇಕಾದ್ರೆ ನಾನೂ ಜೊತೆಗೆ ಬರ್ತೀನಿ."

"ಬರಿಗೈಲಿ ಹೋಗಿ ಏನಂತ ಕೇಳಲಿ? ಮೊದಲು ಒಂದು ಹಂತ ಪಾಸ್ ಮಾಡ್ತೀನಿ."

ಮಾರನೆಯ ದಿನ ಅವನು ಪುಸ್ತಕಗಳನ್ನು ಎರಡು ಚೀಲದಲ್ಲಿ ಹೊತ್ತು ತಂದು ಅವಳ ಮೇಜಿನ ಕೆಳಗಿಟ್ಟ. ಅವಳು ಪರದೆಯಿಂದ ತಲೆಯೆತ್ತದೆ ಥ್ಯಾಂಕ್ಸ್ ಅಂದಳು.