ಚಾಪೆಯೊಳಗೆ ಡೀಕನ್

ತಲೆಯ ಮೇಲಿಂದ ಹೊದ್ದು ಕೂತ ಚಾಪೆಯ ಅಂಚಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಬೆಳಕು, ಅದರಲ್ಲಿ ಬರೀ ಪಾದಗಳು, ಇದು ಅಕ್ಕ ಫುವಾತಿನೊಳದು, ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ, ಇವು ಪಕ್ಕದ ಮನೆಯ ಹುಡುಗರವು, ಓಡುತ್ತಿವೆ, ಲೋಸಾಳವು ಇನ್ನೂ ಬಂದಿಲ್ಲ — ಏಳು ವರ್ಷದ ನನ್ನ ಮಗಳು, ತಪ್ಪು ಮಾಡಿದವನು ಚಾಪೆ ಹೊದ್ದು ಕೂರುವುದು ನಮ್ಮ ಪದ್ಧತಿ, ಅವಳು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ, ಎತ್ತದಿದ್ದರೆ ನಾನು ಇಲ್ಲೇ, ಅದು ಅವಳ ಹಕ್ಕು, ಇಪ್ಪತ್ತನೆಯ ವಯಸ್ಸಿನಲ್ಲಿ ದೊಡ್ಡಪ್ಪನ ಜೊತೆ ಹೀಗೇ ಕೂತಿದ್ದೆ, ನಮ್ಮವನೊಬ್ಬ ಪಕ್ಕದೂರಿನವನ ತಲೆ ಒಡೆದಿದ್ದ, ಅವರ ಮನೆಯೆದುರು ಕೂತೆವು, ಅವರು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬೇಯಿಸಿ ಆಮೇಲೆ ಚಾಪೆ ಎತ್ತಿದರು, ಆದರೆ ಮಗಳ ಮುಂದೆ ಅಪ್ಪ ಕೂತದ್ದನ್ನು ಈ ಊರು ಕಂಡಿಲ್ಲ, ಅದೂ ಇದಕ್ಕೆಂದೇ ನೇಯ್ದ ನಯವಾದ ಚಾಪೆ ಬಿಟ್ಟು ಮಲಗುವ ಚಾಪೆಯಲ್ಲಿ, ಲೋ ತವಿತಾ, ನಿನ್ನ ತಪ್ಪಿಗೆ ಒಳ್ಳೇ ಚಾಪೆ ಸಿಗ್ಲಿಲ್ವೇನೋ ಎಂದು ಅಕ್ಕ ಛೇಡಿಸುತ್ತಿದ್ದಾಳೆ, ಹೆಂಡತಿ ಮಲಿಯಾ ಬಿಡುತ್ತಾಳೆಯೇ, ಇರ್ಲಿ ಬಿಡಿ ಅತ್ತಿಗೆ, ಕಲ್ಲೊಲೆ ಮುಚ್ಚೋ ಹಾಗೆ ಮೇಲೆ ನಾಲ್ಕು ಬಾಳೆಲೆ ಹಾಕಿ, ಚೆನ್ನಾಗಿ ಬೇಯ್ಲಿ, ಎಲ್ಲರೂ ನಗುತ್ತಾರೆ, ನನಗೂ ನಗು ಬರುತ್ತದೆ, ಅದುಮಿಕೊಳ್ಳುತ್ತೇನೆ, ಇವತ್ತು ಬಿಳಿ ಭಾನುವಾರ, ಮಕ್ಕಳು ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ವಚನ ಹೇಳಿ, ಮೊದಲು ಉಣ್ಣುವ ದಿನ, ದೊಡ್ಡವರು ಬಡಿಸಿ ಕಾಯಬೇಕು, ಹೊಟ್ಟೆ ಚುರುಗುಟ್ಟುತ್ತಿದೆ, ಕೆಸುವಿನೆಲೆಯಲ್ಲಿ ಬೆಂದ ತೆಂಗಿನ ಹಾಲಿನ ವಾಸನೆ ಚಾಪೆಯೊಳಗೂ ನುಗ್ಗಿದೆ.

ನಿನ್ನೆ ಒಲೆಯ ಮಸಿ ಹಿಡಿದ ಕಲ್ಲು ಜೋಡಿಸುವಾಗ ನಾಲ್ಕು ಹನಿ ಮಳೆ, ಹಗ್ಗದ ಮೇಲೆ ಅವಳ ಬಿಳಿ ಫ್ರಾಕು, ಓಡಿಹೋಗಿ ಎಳೆದು ಒಳಗೆ ಎಸೆದವನು ನಾನೇ, ಮರೆತವನೂ ನಾನೇ, ಆಮೇಲೆ ಫ್ರಾಕಿನ ಬೆನ್ನಿನ ಮೇಲೆ ಮಸಿಯ ಕೈಯಚ್ಚು ನೋಡಿ ಅವಳ ಮೇಲೆ ಕಿರುಚಿದೆ, ಏನೇ ಇದು, ದೇವರ ಮುಂದೆ ಇದನ್ನ ಹಾಕ್ಕೊಂಡು ನಿಂತ್ಕೋತೀಯಾ, ನಾನಲ್ಲಪ್ಪ ಅಂದಳು ಒಮ್ಮೆ, ಸುಳ್ಳು ಬೇರೆ ಹೇಳ್ತೀಯಾ, ಆಮೇಲೆ ಅವಳು ಫ್ರಾಕನ್ನೇ ನೋಡಿದಳು, ನನ್ನನ್ನು ನೋಡಿದಳು, ಫ್ರಾಕನ್ನು ಮಡಿಚಿಟ್ಟಳು, ಸಂಜೆಯ ಪ್ರಾರ್ಥನೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಸಿದೆ, ಒಪ್ಪಿದಳು, ಕಣ್ಣೊರೆಸಿಕೊಂಡು ಅಪ್ಪ, ನನ್ನ ವಚನ ಹೇಳಿಸ್ಕೋತೀಯಾ ಎಂದು ಮಡಿಲಿಗೇ ಬಂದು ಕೂತಳು, ನಾನು ಇನ್ನೂ ಮುಖ ಗಂಟಿಕ್ಕಿಕೊಂಡೇ ಇದ್ದೆ, ಮೂರ್ಖ, ಬೆಳಿಗ್ಗೆ ಬೇರೆ ಬಿಳಿ ಫ್ರಾಕಿಲ್ಲದೆ ಅದನ್ನೇ ತೊಟ್ಟು, ಜಡೆ ಬೇಡವೆಂದು ಹಟ ಹಿಡಿದಾಗಲೂ ತಿಳಿಯಲಿಲ್ಲ, ಬಿಟ್ಟ ಕೂದಲು ಬೆನ್ನು ತುಂಬ, ಚರ್ಚಿನಲ್ಲಿ ವಚನ ಮುಗಿಸಿ ತಿರುಗಿ ಪಾದ್ರಿಗಳಿಗೆ ತಲೆ ಬಾಗಿಸಿದಳು, ಕೂದಲು ಮುಂದಕ್ಕೆ ಸುರಿಯಿತು, ಇಡೀ ಸಭೆಗೆ ಕಂಡಿತು, ದೊಡ್ಡ ಅಂಗೈ, ತೋರುಬೆರಳು ಮೊಟಕು, ಕತ್ತಿ ಕತ್ತರಿಸಿದ ನನ್ನ ಆ ಬೆರಳನ್ನು ಅರಿಯದವರು ಊರಲ್ಲಿ ಯಾರಿದ್ದಾರೆ, ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು, ಡೀಕನ್ನರು ಸಹಿ ಹಾಕಿದಾರೆ ನೋಡ್ರೋ, ಪಾದ್ರಿಗಳ ಕೈಕೆಳಗಿನ ಆ ಡೀಕನ್ ನಾನೇ, ನಾಚಿಕೆಗಿಂತ ಹೆಚ್ಚಾಗಿ ಕರುಳು ಕಿತ್ತು ಬಂತು, ಅವಳು ಮುಚ್ಚಿಟ್ಟದ್ದು ನನ್ನನ್ನು, ಹೋದ ವಾರ ಎಪ್ಪತ್ತು ಸಲ ಏಳರಷ್ಟು ಕ್ಷಮಿಸಿ ಎಂದು ಗಂಟಲು ಹರಿದುಕೊಂಡು ಬೋಧಿಸಿದವನನ್ನು — ಕ್ಷಮಿಸು ಎಂಬ ಮಾತು ಮಗಳ ಮುಂದೆ ಬಾಯಿಂದ ಹೊರಡಲಿಲ್ಲ, ಅವಳ ಬಟ್ಟಲಿಗೆ ಬಡಿಸಲು ಹೋಗಿ ಎರಡು ಸಲ ವಾಪಸು ಬಂದೆ, ಮೂರನೆಯ ಸಲ ಚಾಪೆ ಎಳೆದುಕೊಂಡು ಕೂತುಬಿಟ್ಟೆ.

ಬಂದವು, ಅವಳವೇ ಪಾದಗಳು, ಸುತ್ತ ಮರಳು ಮೆತ್ತಿದೆ, ಕಾಲ್ಬೆರಳುಗಳು ಮೇಲೆ ಕೆಳಗೆ ಆಡುತ್ತಿವೆ, ನಿಂತವು, ಎತ್ತೇ ಲೋಸಾ, ಚಾಪೆ ಎತ್ತು ಎಂದು ಅಕ್ಕ, ಎತ್ತುತ್ತಿಲ್ಲ, ಎತ್ತದೆ ಹೋಗುತ್ತಾಳೇನೋ, ಹೋಗಲಿ, ಸಂಜೆಯವರೆಗೆ ಕೂರುತ್ತೇನೆ, ಬಟ್ಟಲೊಂದು ಅಂಚಿನಡಿಯಿಂದ ಒಳಗೆ ಜಾರಿತು, ಅದರ ಹಿಂದೆ ತಲೆ, ಭುಜ, ತೆವಳಿಕೊಂಡು ಪೂರ್ತಿ ಒಳಗೇ ಬಂದಳು, ಚಾಪೆಯನ್ನು ತನ್ನ ಬೆನ್ನ ಮೇಲೂ ಎಳೆದುಕೊಂಡಳು, ಅಯ್ಯೋ ಬಿಸಿ ಅಪ್ಪ, ಕೋಳಿ ಕಾಲು ತಂದಿದೀನಿ, ಬೇಗ ತಿನ್ನು, ದೊಡ್ಡವರಿಗೆ ಇನ್ನೂ ಕೊಡ್ತಿಲ್ಲ, ಲೋಸಾ, ಆ ಕೈ ನಂದು ಕಣೇ, ನಂದೇ ತಪ್ಪು, ಕ್ಷಮಿಸ್ತೀಯಾ ಎಂದೆ, ಹೂಂ, ಗೊತ್ತು, ನಿನ್ನೇನೇ ಮೋಟು ಬೆರಳು ನೋಡಿದೆ ಅಂದಳು, ಮತ್ತೆ ಯಾಕೆ ಒಪ್ಕೊಂಡೆ ಎಂದೆ, ಕೋಳಿ ಕಾಲನ್ನು ನನ್ನ ಬಾಯಿಗೆ ತುರುಕಿದಳು, ಎಲ್ಲರ ಮುಂದೆ ನಿಂಗೆ ಬೇಜಾರಾಗತ್ತಲ್ಲ ಅಪ್ಪ, ಬಾಯಿ ತುಂಬಿದೆ, ಕಣ್ಣು ತುಂಬಿದೆ, ಹೊರಗೆ ಯಾರೋ ಚಾಪೆ ಎತ್ತಲು ಬಂದರು, ಬೇಡ ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು, ಅವಳ ಪಾದಗಳು ಈಗ ನನ್ನ ಮಡಿಲಲ್ಲಿ, ಮರಳು ಮೆತ್ತಿದ ಹತ್ತು ಬೆರಳು, ಹತ್ತು ಬೆರಳು —