ಗೋಣಿನ ಪಾಲು

ಹಿಮಾಯತ್‌ನಗರದ ಆ ಎರಡನೇ ಮಹಡಿಯ ಮನೆಯಲ್ಲಿ ಸೌಟಿನ ಅಧಿಕಾರ ಕೈ ಬದಲಾಯಿಸಿದ್ದು ಒಂದು ಕೋಳಿಯ ಗೋಣಿನ ದೆಸೆಯಿಂದ. ಇತಿಹಾಸ ಬರೆಯುವವರು ಇಂಥ ಸಂಗತಿಗಳನ್ನು ಗಮನಿಸುವುದಿಲ್ಲ. ಅವರಿಗೆ ಯಾವಾಗಲೂ ಯುದ್ಧವೇ ಆಗಬೇಕು.

ಗುಂಡಮ್ಮ ಮದುವೆಯಾಗಿ ಬಂದಂದಿನಿಂದ ಭಾನುವಾರದ ಕೋಳಿಸಾರು ಬಡಿಸುತ್ತಿದ್ದುದು ಆಕೆಯೇ. ಕಾಲಿನ ತುಂಡುಗಳು ಗಂಡ ಮೌನಪ್ಪನಿಗೊಂದು, ಮಗ ಆನಂದಕುಮಾರನಿಗೊಂದು. ಎದೆಯ ತುಂಡು ಸೊಸೆಗೆ. ಕಲೇಜಿ, ಅಂದರೆ ಈಲಿ, ಬೀಗರು ಬಂದಿದ್ದರೆ ಬೀಗರಿಗೆ. ಕಡೆಗೆ ಪಾತ್ರೆಯ ತಳದಲ್ಲಿ ಉಳಿದ ಗೋಣನ್ನು ತನ್ನ ತಟ್ಟೆಗೆ ಹಾಕಿಕೊಂಡು, "ನಂಗೇನ್ರಿ, ಎಲುಬು ಇದ್ರ ಸಾಕು" ಎಂದು ನಿಟ್ಟುಸಿರು ಬಿಡುವಳು. ಆಕೆಯ ಈ ತ್ಯಾಗದ ಸುದ್ದಿ ರಾಯಚೂರಿನ ನೆಂಟರ ತನಕ ಹೋಗಿತ್ತು. ಇಡೀ ಕೋಳಿಯಲ್ಲಿ ರುಚಿ ಇರುವುದೇ ಗೋಣಿನಲ್ಲಿ, ಮಸಾಲೆ ಸಂದುಸಂದಿಗೆ ಇಳಿಯುವುದೂ ಅಲ್ಲೇ ಎಂಬುದು ಮಾತ್ರ ಆಕೆಯೊಬ್ಬಳಿಗೇ ಗೊತ್ತಿತ್ತು. ಕೇಳಿದವರಿಲ್ಲ, ಆಕೆ ಹೇಳಲೂ ಇಲ್ಲ.

ಮಾಧಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಅಂಥದೊಂದು ಕಟ್ಟಡದಲ್ಲಿ ಕೆಲಸಕ್ಕಿದ್ದ ಸೊಸೆ ದೀಪಾಲಿಗೆ ದೀಪಾವಳಿಗೆಂದು ಕಂಪನಿಯವರು ಓವನ್ ಕೊಟ್ಟಿದ್ದರು. ಬಂದಾಗಿನಿಂದ ಅದರ ತಲೆಯ ಮೇಲೆ ರೊಟ್ಟಿಬುಟ್ಟಿ ಕೂತಿತ್ತು. ಒಂದು ಭಾನುವಾರ ದೀಪಾಲಿ ಬುಟ್ಟಿ ಇಳಿಸಿದಳು.

"ಇವತ್ತ ಅಡಗಿ ನಂದ್ರಿ ಅತ್ತಿ. ಇಡೀ ಕೋಳಿ ಇದರಾಗ ಬೇಯಿಸ್ತೀನಿ."

"ಬೇಯಿಸವಾ, ಯಾರ್ ಬ್ಯಾಡಂತಾರ?" ಎಂದಳು ಗುಂಡಮ್ಮ, ಬೇಡ ಎನ್ನುವ ದನಿಯಲ್ಲೇ.

ಮೌನಪ್ಪ ಸರ್ಕಾರಿ ಮುದ್ರಣಾಲಯದಿಂದ ನಿವೃತ್ತನಾದವನು. ಕೊಟ್ಟ ಆದೇಶವನ್ನು ಅಕ್ಷರಶಃ ಪಾಲಿಸಿ ಅಂಗಡಿಯಿಂದ ಕತ್ತರಿಸದ ಕೋಳಿ ತಂದ. ಜತೆಗೊಂದು ಸಣ್ಣ ಚೀಲ. ದೀಪಾಲಿ ಕೋಳಿಗೆ ಮೊಸರು, ಬೆಳ್ಳುಳ್ಳಿ, ಮೆಣಸಿನಪುಡಿ, ನಿಂಬೆರಸ ಸವರಿ ನೆನೆಯಲು ಇಟ್ಟಳು. ಆಮೇಲೆ ಚೀಲ ಬಿಚ್ಚಿದಳು. ಒಳಗೆ ಕಲೇಜಿ, ಗೋಣು.

"ಇದನ್ನ ಕೆಳಗಿನ ಬೆಕ್ಕಿಗೆ ಹಾಕಿಬಿಡ್ತೀನ್ರಿ."

ಗುಂಡಮ್ಮ ಚೀಲವನ್ನು ತನ್ನತ್ತ ಎಳೆದುಕೊಂಡಳು. "ಬೆಕ್ಕಿಗ್ಯಾಕ? ಅದು ಮುಂಜಾನೇನ ಹಾಲು ಕುಡದೈತಿ. ಕಾಯಿಪಲ್ಯದ ಸಂದ್ಯಾಗ ಇಡು, ನಾ ತಿಂತೀನಿ. ನಂಗೇನು, ಎಲುಬು ಇದ್ರ ಸಾಕು."

ದೀಪಾಲಿ ಅತ್ತೆಯನ್ನೇ ನೋಡಿದಳು. ಸೊಸೆಯ ಕಣ್ಣು ಒದ್ದೆಯಾಗಿತ್ತು. ಈರುಳ್ಳಿ ಹೆಚ್ಚಲು ಇನ್ನೂ ಶುರು ಮಾಡಿರಲಿಲ್ಲ.

"ಸಾಕ್ ಬಿಡ್ರಿ ಅತ್ತಿ, ಇಷ್ಟು ವರ್ಷ ಎಲುಬು ಚೀಪಿದ್ದು. ಇವತ್ತ ನಾ ಬಡಸ್ತೀನಿ. ನೀವು ಸುಮ್ನ ಕುಂತು ಲೆಗ್ ಪೀಸ್ ತಿನ್ನಬೇಕು."

"ಅಯ್ಯ, ಬ್ಯಾಡವಾ ನಂಗ..."

"ಏನೂ ಮಾತಾಡಬ್ಯಾಡ್ರಿ!"

ಮಾತಾಡುವುದಾದರೂ ಏನು? ನಿಜ ಹೇಳಿದರೆ ಗೋಣು ಉಳಿಯುತ್ತದೆ, ಹೆಸರು ಹೋಗುತ್ತದೆ. ಗುಂಡಮ್ಮ ಬೀನ್ಸಿನ ನಾರು ತೆಗೆಯುತ್ತ ಕೂತಳು.

ಟ್ರೇಯಲ್ಲಿ ಆಲೂಗಡ್ಡೆ, ಗಜ್ಜರಿ, ಬೀನ್ಸು, ಈರುಳ್ಳಿಯ ಹಾಸಿಗೆ. ಅದರ ಮೇಲೆ ಕೋಳಿ, ಪಕ್ಕದಲ್ಲಿ ಅತ್ತೆಯ ಮಾತಿಗೆ ಬೆಲೆ ಕೊಟ್ಟು ಇಟ್ಟ ಗೋಣು. ಕಲೇಜಿ ಬೆಕ್ಕಿಗೆ ಹೋಯಿತು. ಓವನ್ನಿನೊಳಗೆ ದೀಪ ಹತ್ತಿತು. ಮೌನಪ್ಪ ಅದರ ಮುಂದೆ ಟಿವಿ ನೋಡುವವನಂತೆ ಕುರ್ಚಿ ಹಾಕಿಕೊಂಡ.

"ನೀರು ಎಷ್ಟು ಹಾಕೀದಿವಾ?"

"ನೀರು ಹಾಕೂದಿಲ್ರಿ ಮಾವಾರ."

"ರಸ ಇಲ್ಲದ ಕೋಳೀನ? ಮತ್ತ ರೊಟ್ಟಿ ಯಾತರಾಗ ಅದ್ದೂದು?"

ಉತ್ತರವನ್ನು ವಾಸನೆಯೇ ಕೊಟ್ಟಿತು. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಪಾಳಿ ಮುಗಿಸಿ ಬಂದ ಆನಂದಕುಮಾರ ಮೆಟ್ಟಿಲಲ್ಲೇ ಮೂಗರಳಿಸಿ, "ನಮ್ಮನ್ಯಾಗಿಂದ ಏನಿದು?" ಎಂದು ಓಡಿಬಂದ.

ಎಲ್ಲರೂ ಕೂತರು. ಸೌಟು ದೀಪಾಲಿಯ ಕೈಯಲ್ಲಿತ್ತು. ಮೊದಲ ಕಾಲು ಅತ್ತೆಯ ತಟ್ಟೆಗೆ ಬಿತ್ತು. ಎರಡನೆಯದು ಗಂಡನತ್ತ ಹೊರಟಾಗ ಆನಂದಕುಮಾರ ಕೈ ಅಡ್ಡ ಹಿಡಿದ.

"ನಾ ವಾರವಾರ ತಿಂತೀನಿ. ಅದನ್ನೂ ಅವ್ವಗ ಹಾಕು."

ಗುಂಡಮ್ಮನ ತಟ್ಟೆಯಲ್ಲಿ ಎರಡು ಕಾಲು ಜೋಡಿಯಾಗಿ ಮಲಗಿದವು. ಮಗನ ಮೇಲೆ ಆಕೆಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ದೀಪಾಲಿ ಮಾವನ ಕಡೆ ತಿರುಗಿದಳು. "ಮಾವಾರ, ಸಿಟ್ಟಿಗೇಳಬ್ಯಾಡ್ರಿ. ಇವತ್ತೊಂದಿನ ಗೋಣು ನೀವು ತಿನ್ರಿ. ಅತ್ತಿ ಇಷ್ಟು ವರ್ಷ ಹೆಂಗ ತಿಂದ್ರು, ನಿಮಗೂ ಗೊತ್ತಾಗ್ಲಿ."

ಮೌನಪ್ಪ ಶಿಕ್ಷೆಗೆ ಒಳಗಾದವನ ಮುಖ ಮಾಡಿ ಗೋಣನ್ನು ಎತ್ತಿಕೊಂಡ. ಒಂದು ಸಲ ಕಚ್ಚಿದ. ನಿಲ್ಲಿಸಿದ. ಮತ್ತೆ ಕಚ್ಚಿದ. ಗರಿಯಾಗಿ ಬೆಂದ ಅಂಚು, ಎಳೆಎಳೆಯಾಗಿ ಬಿಡುವ ಮಾಂಸ, ಸಂದುಗಳಲ್ಲಿ ಖಾರ. ಆತ ಕಣ್ಣು ಮುಚ್ಚಿದ. ತೆರೆದಾಗ ಆ ಕಣ್ಣು ನೇರ ಹೆಂಡತಿಯ ಮೇಲಿತ್ತು.

ಗುಂಡಮ್ಮ ಗಜ್ಜರಿಯ ತುಂಡೊಂದನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದಳು.

"ಹೆಂಗೈತ್ರಿ ಮಾವಾರ?"

ಮೌನಪ್ಪ ಬೆರಳುಗಳನ್ನು ಒಂದೊಂದಾಗಿ ನೆಕ್ಕಿದ.

"ಭಾಳ ತ್ರಾಸಿನ ಕೆಲಸ ನೋಡವಾ ಇದು," ಎಂದ ಕಡೆಗೆ. "ನಿಮ್ಮತ್ತಿ ಪಾಪ, ಒಬ್ಬಾಕೀನ ಇಷ್ಟು ವರ್ಷ ಅನುಭವಿಸ್ಯಾಳ. ಇನ್ನ ಮುಂದ ಅರ್ಧ ನಾ ಅನುಭವಿಸ್ತೀನಿ."

ಗುಂಡಮ್ಮನಿಗೆ ನೆತ್ತಿಗೆ ಹತ್ತಿತು. ದೀಪಾಲಿ ಬೆನ್ನು ತಟ್ಟಿ ನೀರು ಕೊಟ್ಟಳು. ಇಷ್ಟು ವರ್ಷಕ್ಕಾದರೂ ಗಂಡನಿಗೆ ಅರ್ಥವಾಯಿತಲ್ಲ ಎಂದು ಅತ್ತೆಗೆ ದುಃಖ ಉಮ್ಮಳಿಸಿದೆ ಎಂದುಕೊಂಡಳು. ಗುಂಡಮ್ಮ ಕಣ್ಣೊರೆಸಿಕೊಂಡು ಟ್ರೇಯ ತಳದಲ್ಲಿ ಇಳಿದಿದ್ದ ರಸಕ್ಕೆ ರೊಟ್ಟಿ ಅದ್ದಿದಳು. ಕೋಳಿಯ ಸಾರವನ್ನೆಲ್ಲ ಆಲೂಗಡ್ಡೆ ಕುಡಿದಿತ್ತು. ಕಾಲಿನ ತುಂಡೂ ಕೆಟ್ಟದ್ದೇನಿರಲಿಲ್ಲ. ಒಂದನ್ನು ಸೊಸೆಯ ತಟ್ಟೆಗೆ ಹಾಕಿ, "ತಿನ್ನವಾ, ದಣದೀದಿ" ಎಂದಳು. ಅದನ್ನು ಮಾತ್ರ ನಿಜವಾಗಿಯೇ ಹೇಳಿದಳು.

ಮುಂದಿನ ಭಾನುವಾರದಿಂದ ಆ ಮನೆಯಲ್ಲಿ ಕೋಳಿಯ ಗೋಣನ್ನು ಎರಡು ತುಂಡು ಮಾಡುತ್ತಾರೆ.